ಚೈಲ್ಡ್ ಬೆನಿಫಿಟ್ ಬೇಡ ಅಂತ ಬಿಟ್ಟ ಅಮ್ಮಂದಿರೇ, ನಿಮ್ಮ ಪೆನ್ಷನ್ ವರ್ಷಗಳನ್ನು ಒಮ್ಮೆ ನೋಡಿಕೊಳ್ಳಿ

ರೆಡಿಂಗ್ ಅಮ್ಮ (ಜನವರಿ 2026)

ಇಂಗ್ಲೆಂಡಿನಲ್ಲಿರುವ ನಮ್ಮ ಕನ್ನಡದ ಅಮ್ಮಂದಿರಿಗೆ ಇದನ್ನು ಬರೆಯುತ್ತಿದ್ದೇನೆ. ಸ್ವಲ್ಪ ಉದ್ದವಾಗುತ್ತೆ, ದಯವಿಟ್ಟು ಪೂರ್ತಿ ಓದಿ.

ಕಳೆದ ಭಾನುವಾರ ಮಕ್ಕಳು ಈಜು ಕ್ಲಾಸಿನಲ್ಲಿದ್ದರು. ನಾನು ಕಾರಿನಲ್ಲಿ ಕೂತು ಸುಮ್ನೆ ಎಚ್‌ಎಂಆರ್‌ಸಿ (ಇಲ್ಲಿನ ತೆರಿಗೆ ಇಲಾಖೆ) ಆ್ಯಪ್ ತೆರೆದೆ. ಅದರಲ್ಲಿ ನಮ್ಮ ನ್ಯಾಷನಲ್ ಇನ್ಶೂರೆನ್ಸ್ (ಸರ್ಕಾರಿ ಪೆನ್ಷನ್ನಿಗೆ ಸಂಬಳದಿಂದ ಕಟ್ಟುವ ಹಣ) ದಾಖಲೆ ಇರುತ್ತೆ. ಯಾವ ವರ್ಷ ಪೆನ್ಷನ್‌ಗೆ ಲೆಕ್ಕಕ್ಕೆ ಬಂತು, ಯಾವುದು ಬರಲಿಲ್ಲ ಅಂತ ಸಾಲಾಗಿ ತೋರಿಸುತ್ತೆ. 2013-14ರವರೆಗೆ ಎಲ್ಲಾ ಸರಿ ಇತ್ತು. ಆಮೇಲೆ 2014-15, ಈ ವರ್ಷ ಪೂರ್ಣವಾಗಿಲ್ಲ. 2015-16, ಪೂರ್ಣವಾಗಿಲ್ಲ. ಬೆರಳಲ್ಲಿ ಮೇಲೆ ತಳ್ಳುತ್ತಾ ಹೋದೆ. 2020-21ರ ತನಕ ಒಟ್ಟು ಏಳು ವರ್ಷ.

ಆ ಏಳು ವರ್ಷ ನಾನು ಸುಮ್ಮನೆ ಕೂತಿರಲಿಲ್ಲ. ಮಗಳು 2013ರಲ್ಲಿ ಹುಟ್ಟಿದಳು, ಮಗ 2016ರಲ್ಲಿ. ಇಲ್ಲಿ ಅಮ್ಮ ಇಲ್ಲ, ಅತ್ತೆ ಇಲ್ಲ. ನರ್ಸರಿ ಫೀಸು ನನ್ನ ಸಂಬಳಕ್ಕಿಂತ ಜಾಸ್ತಿ ಆಗುತ್ತಿತ್ತು. ಕೆಲಸ ಬಿಟ್ಟೆ, 2021ರಲ್ಲಿ ಮತ್ತೆ ಸೇರಿದೆ.

ಮಗಳು ಹುಟ್ಟಿದಾಗ ಆಸ್ಪತ್ರೆಯಲ್ಲಿ ಕೊಟ್ಟ ಚೀಲದಲ್ಲಿ ಡೈಪರ್, ಕ್ರೀಮಿನ ಜೊತೆ ಚೈಲ್ಡ್ ಬೆನಿಫಿಟ್ (ಮಕ್ಕಳಿರುವವರಿಗೆ ಸರ್ಕಾರ ಕೊಡುವ ಹಣ) ಫಾರಂ ಕೂಡ ಇತ್ತು. ನಮ್ಮ ಯಜಮಾನರ ಸಂಬಳ ಆಗಲೇ 60,000 ಪೌಂಡ್ ದಾಟಿತ್ತು. "ಈ ಕೈಯಲ್ಲಿ ತಗೊಂಡು ಆ ಕೈಯಲ್ಲಿ ಟ್ಯಾಕ್ಸ್ ಅಂತ ವಾಪಸ್ ಕೊಡಬೇಕು, ಯಾಕೆ ಆ ರಗಳೆ, ಫಾರಂ ತುಂಬಲೇಬೇಡಿ" ಅಂತ ಪರಿಚಯದ ಅಕೌಂಟೆಂಟ್ ಒಬ್ಬರು ಹೇಳಿದರು. ನಮಗೂ ಸರಿ ಅನ್ನಿಸಿತು. ಫಾರಂ ರೀಸೈಕ್ಲಿಂಗ್ ಡಬ್ಬಕ್ಕೆ ಹೋಯಿತು.

ಆ ಫಾರಂನಲ್ಲಿ ದುಡ್ಡಿನ ಜೊತೆ ನನ್ನ ಪೆನ್ಷನ್ನೂ ಇತ್ತು ಅಂತ ಹನ್ನೆರಡು ವರ್ಷ ಯಾರೂ ಹೇಳಲಿಲ್ಲ. ಲೆಕ್ಕ ಹಾಕಿ ನೋಡಿದೆ. 2025-26ರಲ್ಲಿ ಪೂರ್ತಿ ಸ್ಟೇಟ್ ಪೆನ್ಷನ್ ವಾರಕ್ಕೆ 230.25 ಪೌಂಡ್, ಅದಕ್ಕೆ 35 ವರ್ಷ ಬೇಕು. ಅಂದರೆ ಒಂದು ವರ್ಷದ ಬೆಲೆ ವಾರಕ್ಕೆ ಆರೂವರೆ ಪೌಂಡಿನ ಮೇಲೆ, ವರ್ಷಕ್ಕೆ ಸುಮಾರು 342. ಏಳು ವರ್ಷ ಹೋದರೆ ಪ್ರತಿ ವರ್ಷ ಸುಮಾರು 2,400 ಪೌಂಡ್ ಕಡಿಮೆ. ಅದೂ ಬದುಕಿರುವವರೆಗೆ.

ರಾತ್ರಿ ನಿದ್ದೆ ಬರಲಿಲ್ಲ. ಇದಕ್ಕೆ ದಾರಿ ಇದೆಯಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಸ್ಲೌ ಸೊಸೆ

ಅಕ್ಕಾ, ನೀವು ಬರೆದದ್ದು ಓದಿ ಈಗಷ್ಟೇ ನಂದೂ ನೋಡಿದೆ. ನಾಲ್ಕು ವರ್ಷ ಖಾಲಿ. ಕೈ ನಡುಗುತ್ತಿದೆ.

ಲೀಡ್ಸ್ ಹುಡುಗ

ಇಷ್ಟಕ್ಕೆ ಯಾಕೆ ಬೇಜಾರು, ದುಡ್ಡು ಕಟ್ಟಿ ವರ್ಷ ಕೊಂಡುಕೊಳ್ಳಬಹುದು. ಕ್ಲಾಸ್ 3 ಅಂತಾರೆ. 2025-26ರ ದರ ವಾರಕ್ಕೆ 17.75 ಪೌಂಡ್, ವರ್ಷಕ್ಕೆ 923. ಮೂರು ವರ್ಷ ಪೆನ್ಷನ್ ಬಂದರೆ ಅಸಲು ವಾಪಸ್. ಇವತ್ತೇ ಕಟ್ಟಿಬಿಡಿ.

ಪೇರೋಲ್ ಮಂಡ್ಯ

ಇವತ್ತೇ ಕಟ್ಟಬೇಡಿ ಅಕ್ಕಾ! ಒಂದು ನಿಮಿಷ ತಾಳಿ. ನಾನು ಬರ್ಮಿಂಗ್‌ಹ್ಯಾಮಿನಲ್ಲಿ ಹದಿನೈದು ವರ್ಷದಿಂದ ಪೇರೋಲ್ (ಸಂಬಳದ ಲೆಕ್ಕದ) ಕೆಲಸ ಮಾಡುತ್ತಿದ್ದೇನೆ. ಇದನ್ನು ಬಿಡಿಸಿ ಹೇಳುತ್ತೇನೆ.

ಮೊದಲು ಇದು ಹೀಗೆ ಯಾಕಾಯಿತು ಅಂತ. ಈ ದೇಶದಲ್ಲಿ 12 ವರ್ಷದೊಳಗಿನ ಮಗುವಿಗೆ ಚೈಲ್ಡ್ ಬೆನಿಫಿಟ್ ಕ್ಲೇಮ್ ಮಾಡಿದವರಿಗೆ ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್ ತಾನಾಗಿಯೇ ಬೀಳುತ್ತೆ. ಕೆಲಸಕ್ಕೆ ಹೋಗದಿದ್ದರೂ ಆ ವರ್ಷ ಪೆನ್ಷನ್‌ಗೆ ಸೇರುತ್ತೆ. ಮಗು ಸಾಕುವುದೂ ಕೆಲಸವೇ ಅಂತ ಸರ್ಕಾರ ಒಪ್ಪಿಕೊಂಡಿರುವ ಜಾಗ ಇದು. 2013ರ ಜನವರಿ 7ರಂದು ಹೊಸ ತೆರಿಗೆ ಬಂತು. ಗಂಡ ಹೆಂಡತಿಯಲ್ಲಿ ಜಾಸ್ತಿ ದುಡಿಯುವವರ ಆದಾಯ 50,000 ದಾಟಿದರೆ ಚೈಲ್ಡ್ ಬೆನಿಫಿಟ್ ಸ್ವಲ್ಪ ಸ್ವಲ್ಪ ವಾಪಸ್, 60,000 ದಾಟಿದರೆ ಪೂರ್ತಿ ವಾಪಸ್. ಆಗಿನಿಂದ ಸಾವಿರಾರು ಮನೆಗಳಲ್ಲಿ ನಿಮ್ಮ ಮನೆಯಲ್ಲಿ ಆದದ್ದೇ ಆಯಿತು. ದುಡ್ಡು ಬೇಡ ಅಂತ ಕ್ಲೇಮನ್ನೇ ಬಿಟ್ಟರು. ಜೊತೆಗೆ ಕ್ರೆಡಿಟ್ಟೂ ಹೋಯಿತು.

ಆದರೆ ಕ್ಲೇಮ್ ಮಾಡುವುದು ಬೇರೆ, ದುಡ್ಡು ತಗೊಳ್ಳುವುದು ಬೇರೆ. ಫಾರಂನಲ್ಲೇ "ಕ್ಲೇಮ್ ಮಾಡುತ್ತೇನೆ, ಆದರೆ ಹಣ ಬೇಡ" ಅನ್ನುವ ಆಯ್ಕೆ ಇದೆ. ಅದಕ್ಕೆ ಟಿಕ್ ಹಾಕಿದರೆ ಒಂದು ಪೆನ್ನಿಯೂ ಬರಲ್ಲ, ತೆರಿಗೆಯೂ ಇಲ್ಲ, ಕ್ರೆಡಿಟ್ ಮಾತ್ರ ಬೀಳುತ್ತೆ. ಈ ಒಂದು ಸಾಲು ಯಾರ ಕಣ್ಣಿಗೂ ಬೀಳಲಿಲ್ಲ. ತಡವಾಗಿ ಕ್ಲೇಮ್ ಮಾಡಿದರೆ ಹಿಂದಕ್ಕೆ ಮೂರೇ ತಿಂಗಳು ಕೊಡುತ್ತಾರೆ. ಹಾಗಾಗಿ ಹೋದ ವರ್ಷಗಳು ಹೋದವೇ ಅನ್ನುವ ಪರಿಸ್ಥಿತಿ ಇತ್ತು.

ಈಗ ಒಳ್ಳೆಯ ಸುದ್ದಿ. 2023ರ ಏಪ್ರಿಲ್‌ನಲ್ಲಿ ಸರ್ಕಾರ ಇದನ್ನು ಸರಿಪಡಿಸುತ್ತೇವೆ ಅಂತ ಹೇಳಿತು. ಈ ತೆರಿಗೆಯ ಕಾರಣಕ್ಕೆ ಕ್ಲೇಮ್ ಮಾಡದ ಅಪ್ಪ ಅಮ್ಮಂದಿರು ಹಿಂದಿನ ವರ್ಷಗಳ ಕ್ರೆಡಿಟ್ ಕೇಳುವುದಕ್ಕೆ 2026ರ ಏಪ್ರಿಲ್‌ನಿಂದ ಬಾಗಿಲು ತೆರೆಯುತ್ತೆ. ಬರುವ ಏಪ್ರಿಲ್! ಅದು ತಾನಾಗಿ ಬರಲ್ಲ, ನೀವೇ ಅರ್ಜಿ ಹಾಕಬೇಕು. ಪುಕ್ಕಟೆ ಸಿಗಬಹುದಾದ ಏಳು ವರ್ಷಕ್ಕೆ ಆರು ಸಾವಿರ ಪೌಂಡ್ ಕಟ್ಟುವುದು ಯಾಕೆ? ಅದೂ ಅಲ್ಲದೆ ಹಳೆಯ ವರ್ಷಗಳನ್ನು ನೀವು ಈಗ ಕೊಳ್ಳುವ ಹಾಗೇ ಇಲ್ಲ. ಸಾಮಾನ್ಯವಾಗಿ ಆರು ವರ್ಷ ಹಿಂದಕ್ಕೆ ಮಾತ್ರ ಕಟ್ಟಬಹುದು. 2006ರವರೆಗೆ ಹೋಗಬಹುದು ಅಂತ ಇದ್ದ ಅವಕಾಶ 2025ರ ಏಪ್ರಿಲ್ 5ಕ್ಕೆ ಮುಗಿಯಿತು.

ರೆಡಿಂಗ್ ಅಮ್ಮ

ಅಣ್ಣಾ, ನಿಮಗೆ ಎಷ್ಟು ಥ್ಯಾಂಕ್ಸ್ ಹೇಳಿದರೂ ಸಾಲದು. ಇನ್ನೊಂದು ಪ್ರಶ್ನೆ. ಮಗನಿಗೆ ಈಗ ಒಂಬತ್ತು. ಈಗಲಾದರೂ ಕ್ಲೇಮ್ ಮಾಡಬೇಕಾ? ನಾನು ಕೆಲಸದಲ್ಲಿದ್ದೇನಲ್ಲ.

ಪೇರೋಲ್ ಮಂಡ್ಯ

ಮಾಡಿ. ಎರಡು ಕಾರಣ. ನಾಳೆ ನಿಮ್ಮ ಕೆಲಸಕ್ಕೆ ಏನಾದರೂ ಆದರೆ ಅವನಿಗೆ 12 ತುಂಬುವವರೆಗೆ ಕ್ರೆಡಿಟ್ ಕಾಯುತ್ತಿರುತ್ತೆ. ಎರಡನೆಯದು, ಕ್ಲೇಮ್ ಇರುವ ಮಕ್ಕಳಿಗೆ 16 ತುಂಬುವ ಮುಂಚೆ ಎನ್‌ಐ (ನ್ಯಾಷನಲ್ ಇನ್ಶೂರೆನ್ಸ್) ನಂಬರ್ ತಾನಾಗಿ ಮನೆಗೆ ಬರುತ್ತೆ. ಇಲ್ಲದಿದ್ದರೆ ಮಕ್ಕಳೇ ಅರ್ಜಿ ಹಾಕಿಕೊಂಡು ಅಲೆಯಬೇಕು.

ಇನ್ನೊಂದು ವಿಷಯ. 2024ರ ಏಪ್ರಿಲ್‌ನಿಂದ ಆ 50,000ದ ಗೆರೆ 60,000ಕ್ಕೆ ಏರಿದೆ, ಪೂರ್ತಿ ವಾಪಸ್ ಆಗುವುದು 80,000ಕ್ಕೆ. ನಡುವೆ ಇರುವವರಿಗೆ ಸ್ವಲ್ಪ ಹಣ ಕೈಗೂ ಉಳಿಯುತ್ತೆ. 2025-26ರಲ್ಲಿ ಮೊದಲ ಮಗುವಿಗೆ ವಾರಕ್ಕೆ 26.05, ಆಮೇಲಿನ ಪ್ರತಿ ಮಗುವಿಗೆ 17.25. ಕಂಪನಿ ಪೆನ್ಷನ್‌ಗೆ ಹಾಕುವ ದುಡ್ಡನ್ನು ಈ ಆದಾಯದ ಲೆಕ್ಕದಿಂದ ಕಳೆಯುತ್ತಾರೆ. 62,000 ಇರುವವರು 2,000 ಪೆನ್ಷನ್‌ಗೆ ಹಾಕಿದರೆ ಈ ತೆರಿಗೆಯೇ ಬರಲ್ಲ. ಹಳೆಯ ಲೆಕ್ಕದಲ್ಲಿ "ನಮಗೆ ಸಿಗಲ್ಲ" ಅಂತ ಕೂತವರು ಹೊಸದಾಗಿ ನೋಡಿಕೊಳ್ಳಿ.

ಹಾಸನ ಟು ಹೌನ್ಸ್ಲೋ

ನಮ್ಮ ಮನೆಯದು ಬೇರೆ ಕಥೆ. ನಾವು ಕ್ಲೇಮ್ ಮಾಡಿದ್ವಿ. ಆದರೆ ನನ್ನ ಹೆಸರಲ್ಲಿ. ಅಂದರೆ ಗಂಡನ ಹೆಸರಲ್ಲಿ. ಆಗ ಹೆಂಡತಿಗೆ ಇಲ್ಲಿ ಬ್ಯಾಂಕ್ ಅಕೌಂಟ್ ಇರಲಿಲ್ಲ, ಅದಕ್ಕೆ ನನ್ನದೇ ಕೊಟ್ಟೆ. ಐದು ವರ್ಷದಿಂದ ಕ್ರೆಡಿಟ್ ನನಗೆ ಬೀಳುತ್ತಿದೆ. ನಾನು ಕೆಲಸ ಮಾಡುವವನು, ನನ್ನ ವರ್ಷ ಸಂಬಳದಿಂದಲೇ ತುಂಬಿರುತ್ತೆ. ಮನೆಯಲ್ಲಿ ಎರಡು ಮಕ್ಕಳನ್ನು ನೋಡಿಕೊಂಡವಳ ದಾಖಲೆ ಖಾಲಿ. ಇದು ತಿಳಿದಾಗ ಅವಳ ಮುಖ ನೋಡುವುದಕ್ಕೆ ಆಗಲಿಲ್ಲ.

ಪೇರೋಲ್ ಮಂಡ್ಯ

ಇದು ತುಂಬಾ ಮನೆಗಳಲ್ಲಿ ಇದೆ ಸರ್, ಮತ್ತು ಇದಕ್ಕೆ ಏಪ್ರಿಲ್‌ವರೆಗೆ ಕಾಯಬೇಕಾಗಿಲ್ಲ. ಸಿಎಫ್411ಎ ಅಂತ ಫಾರಂ ಇದೆ. ನಿಮಗೆ ಬೇಡದ ಕ್ರೆಡಿಟ್ಟನ್ನು ಅದರಲ್ಲಿ ಅವರ ಹೆಸರಿಗೆ ವರ್ಗ ಮಾಡಿಸಬಹುದು. ಯಾವ ಯಾವ ವರ್ಷ ಅಂತ ಒಂದೊಂದಾಗಿ ಬರೆಯಿರಿ. ಇನ್ನು ಮುಂದಿನ ವರ್ಷಗಳಿಗೆ ಕ್ಲೇಮನ್ನೇ ಅವರ ಹೆಸರಿಗೆ ಬದಲಾಯಿಸಿ. ಮನೆಯಲ್ಲಿ ಯಾರು ದುಡಿಯುತ್ತಿಲ್ಲವೋ, ಅಥವಾ ಕಡಿಮೆ ದುಡಿಯುತ್ತಾರೋ, ಅವರ ಹೆಸರಲ್ಲಿ ಇರಬೇಕು. ಜಾಸ್ತಿ ಆದಾಯದ ತೆರಿಗೆ ಹೇಗಿದ್ದರೂ ಜಾಸ್ತಿ ದುಡಿಯುವವರ ತಲೆಗೇ ಬರುವುದು, ಕ್ಲೇಮ್ ಯಾರ ಹೆಸರಲ್ಲಿದ್ದರೂ ಅಷ್ಟೇ.

ಹಾಸನ ಟು ಹೌನ್ಸ್ಲೋ

ಇವತ್ತು ರಾತ್ರಿಯೇ ತುಂಬುತ್ತೇವೆ. ಅವಳೇ ಪಕ್ಕದಲ್ಲಿ ಕೂತು ಇದನ್ನು ಓದುತ್ತಿದ್ದಾಳೆ.

ಕೋವೆಂಟ್ರಿ ಹೊಸಬಳು

ನಮಸ್ಕಾರ ಎಲ್ಲರಿಗೂ. ನಾವು ಬಂದು ಎರಡು ವರ್ಷ ಆಯಿತು, ಅವರು ಸ್ಕಿಲ್ಡ್ ವರ್ಕರ್ ವೀಸಾ, ನಾನು ಡಿಪೆಂಡೆಂಟ್. ಮಗುವಿಗೆ ಎಂಟು ತಿಂಗಳು. ನಾನೂ "ಹಣ ಬೇಡ" ಅಂತ ಟಿಕ್ ಹಾಕಿ ಕ್ಲೇಮ್ ಮಾಡಲಾ?

ಪೇರೋಲ್ ಮಂಡ್ಯ

ಬೇಡ ತಂಗಿ! ಇದನ್ನು ಎಲ್ಲರೂ ಗಮನಿಸಿ. ನಿಮ್ಮ ವೀಸಾದಲ್ಲಿ ಸಾರ್ವಜನಿಕ ನಿಧಿಯಿಂದ ಏನೂ ತಗೊಳ್ಳಬಾರದು ಅಂತ ಷರತ್ತು ಇರುತ್ತೆ. ಚೈಲ್ಡ್ ಬೆನಿಫಿಟ್ ಆ ಪಟ್ಟಿಯಲ್ಲಿದೆ. ನೀವು ಇಬ್ಬರೂ ಆ ಷರತ್ತಿನ ಕೆಳಗಿದ್ದರೆ ಕ್ಲೇಮ್ ಮಾಡುವ ಹಾಗಿಲ್ಲ. ಮುಂದೆ ಪಿಆರ್ (ಕಾಯಂ ವಾಸದ ಅನುಮತಿ) ಅರ್ಜಿಗೆ ತೊಂದರೆ ಮಾಡಿಕೊಳ್ಳಬೇಡಿ. ಪಿಆರ್ ಬಂದ ವಾರವೇ ಕ್ಲೇಮ್ ಮಾಡಿ, ಅಲ್ಲಿಂದ ಕ್ರೆಡಿಟ್ ಶುರು. ಏಪ್ರಿಲ್‌ನ ಹೊಸ ಅವಕಾಶವೂ ಆಗ ಹಕ್ಕು ಇದ್ದು ಬಿಟ್ಟವರಿಗೆ. ವೀಸಾದ ವರ್ಷಗಳು ಅದರಲ್ಲಿ ಬರಲ್ಲ.

ಅಲ್ಲಿಯವರೆಗೆ ಒಂದು ದಾರಿ ಇದೆ. ನಿಮ್ಮ ವೀಸಾದಲ್ಲಿ ಕೆಲಸಕ್ಕೆ ಅನುಮತಿ ಇದೆಯಲ್ಲ. ಒಂದು ಕೆಲಸದಲ್ಲಿ ವಾರಕ್ಕೆ 125 ಪೌಂಡ್, ವರ್ಷಕ್ಕೆ 6,500 (2025-26ರ ಲೆಕ್ಕ) ಬಂದರೆ ಸಾಕು, ಕೈಯಿಂದ ಎನ್‌ಐ ಕಟ್ಟದಿದ್ದರೂ ಆ ವರ್ಷ ಲೆಕ್ಕಕ್ಕೆ ಬರುತ್ತೆ. ವಾರಕ್ಕೆ ಎರಡು ದಿನದ ಕೆಲಸ ಸಾಕಾಗಬಹುದು.

ಕೋವೆಂಟ್ರಿ ಹೊಸಬಳು

ಅಯ್ಯೋ, ಕೇಳಿದ್ದು ಒಳ್ಳೆಯದಾಯಿತು. ಫಾರಂ ಅರ್ಧ ತುಂಬಿ ಇಟ್ಟಿದ್ದೆ ಸರ್.

ಹ್ಯಾರೋ ಅಜ್ಜಿ

ನನಗೆ 63. ಟೈಪು ಮಾಡುವುದು ನಿಧಾನ, ಮೊಮ್ಮಗಳು ಸಹಾಯ ಮಾಡುತ್ತಿದ್ದಾಳೆ.

ನಾನು 1989ರಲ್ಲಿ ಧಾರವಾಡದಿಂದ ಬಂದವಳು. ಮಕ್ಕಳು ಹುಟ್ಟಿದ್ದು 1990 ಮತ್ತು 1993. ಆಗೆಲ್ಲಾ ಚೈಲ್ಡ್ ಬೆನಿಫಿಟ್‌ಗೆ ಒಂದು ಪುಸ್ತಕ ಕೊಡುತ್ತಿದ್ದರು. ಮಂಗಳವಾರ ಪ್ರಾಮ್ ತಳ್ಳಿಕೊಂಡು ಪೋಸ್ಟ್ ಆಫೀಸಿಗೆ ಹೋಗಿ ಸಾಲಲ್ಲಿ ನಿಲ್ಲುತ್ತಿದ್ದೆ. ಗಾಜಿನ ಹಿಂದಿನ ಹೆಂಗಸು ಚೀಟಿ ಹರಿದು, ಠಪ್ ಅಂತ ಮುದ್ರೆ ಒತ್ತಿ ದುಡ್ಡು ಕೊಡುತ್ತಿದ್ದಳು. ಆ ದುಡ್ಡಲ್ಲಿ ಬರುವಾಗ ಹಾಲು, ಬ್ರೆಡ್ಡು. ಅದು ನನ್ನ ಕೈಗೆ ಬರುತ್ತಿದ್ದ ನನ್ನ ಸ್ವಂತ ದುಡ್ಡು. ಆದ್ದರಿಂದ ನಾನು ಕ್ಲೇಮ್ ಮಾಡಿದ್ದೇನೆ, ಅದರಲ್ಲಿ ಅನುಮಾನವೇ ಇಲ್ಲ. ಆದರೂ ನನ್ನ ದಾಖಲೆಯಲ್ಲಿ ಆ ವರ್ಷಗಳು ಇಲ್ಲ! ಪೇರೋಲ್ ಮಂಡ್ಯದವರೇ, ಇದು ಹೇಗೆ?

ಪೇರೋಲ್ ಮಂಡ್ಯ

ಅಮ್ಮಾ, ನಿಮ್ಮದು ಸರ್ಕಾರವೇ ಒಪ್ಪಿಕೊಂಡಿರುವ ತಪ್ಪು. 1978ರಿಂದ 2010ರವರೆಗೆ ಮನೆಯಲ್ಲಿ ಮಕ್ಕಳನ್ನು ನೋಡಿಕೊಂಡವರಿಗೆ ಹೋಂ ರೆಸ್ಪಾನ್ಸಿಬಿಲಿಟೀಸ್ ಪ್ರೊಟೆಕ್ಷನ್ ಅಂತ ಇತ್ತು, ಎಚ್‌ಆರ್‌ಪಿ ಅಂತಾರೆ. ಅದು ಚೈಲ್ಡ್ ಬೆನಿಫಿಟ್ ಜೊತೆ ತಾನಾಗಿ ಸೇರಬೇಕಿತ್ತು. ಆದರೆ 2000ದ ಮೇ ತಿಂಗಳಿಗೆ ಮುಂಚೆ ಕ್ಲೇಮ್ ಮಾಡಿದ ತುಂಬಾ ಜನರ ಫಾರಂನಲ್ಲಿ ಎನ್‌ಐ ನಂಬರ್ ಇರಲಿಲ್ಲ. ಹಾಗಾಗಿ ಒಂದು ಕಡೆ ದುಡ್ಡು ಬಂತು, ಇನ್ನೊಂದು ಕಡೆ ದಾಖಲೆ ಸೇರಲಿಲ್ಲ. 2023ರಿಂದ ಅಂಥವರಿಗೆ ಪತ್ರಗಳನ್ನು ಕಳಿಸಿದ್ದಾರೆ. ಮನೆ ಬದಲಾಯಿಸಿದ್ದರೆ ನಿಮಗೆ ಸಿಕ್ಕಿರಲಿಕ್ಕಿಲ್ಲ. ಪತ್ರಕ್ಕೆ ಕಾಯಬೇಡಿ, ಸಿಎಫ್411 ಅನ್ನುವ ಫಾರಂ ಆನ್‌ಲೈನಿನಲ್ಲೇ ಇದೆ. ಎಚ್‌ಆರ್‌ಪಿಗೆ ಮಗುವಿಗೆ 16 ಆಗುವವರೆಗೆ ಲೆಕ್ಕ, ಈಗಿನ ಹಾಗೆ 12 ಅಲ್ಲ. ನಿಮಗೆ ಒಳ್ಳೆಯ ವರ್ಷಗಳೇ ಸಿಗಬಹುದು.

ಹ್ಯಾರೋ ಅಜ್ಜಿ

ದೇವರು ನಿಮ್ಮನ್ನು ಚೆನ್ನಾಗಿಟ್ಟಿರಲಿ. ಇನ್ನೊಂದು ಕೇಳುತ್ತೇನೆ. ಮಗಳು ಬ್ಯಾಂಕಿನಲ್ಲಿ ಕೆಲಸ. ಐದು ವರ್ಷದಿಂದ ಮೊಮ್ಮಗನನ್ನು ಹಗಲೆಲ್ಲಾ ನಾನೇ ನೋಡಿಕೊಳ್ಳುತ್ತಿದ್ದೇನೆ. ಅದಕ್ಕೂ ಏನೋ ಇದೆ ಅಂತ ದೇವಸ್ಥಾನದಲ್ಲಿ ಯಾರೋ ಅಂದರು. ನಿಜವೇ?

ಪೇರೋಲ್ ಮಂಡ್ಯ

ನಿಜ ಅಮ್ಮಾ. 2011ರ ಏಪ್ರಿಲ್‌ನಿಂದ ಇದೆ. 12 ವರ್ಷದೊಳಗಿನ ಮೊಮ್ಮಗುವನ್ನು ನೋಡಿಕೊಳ್ಳುವ ಅಜ್ಜಿ, ತಾತ, ಅತ್ತೆ, ಚಿಕ್ಕಮ್ಮ ಯಾರಾದರೂ ಸರಿ, ಪೆನ್ಷನ್ ವಯಸ್ಸಿಗಿಂತ ಕೆಳಗಿರಬೇಕು, ಇಲ್ಲೇ ವಾಸವಾಗಿರಬೇಕು. ಮಗಳಿಗೆ ಬರುವ ಕ್ರೆಡಿಟ್ ಅವಳಿಗೆ ಬೇಡ, ಯಾಕೆಂದರೆ ಅವಳು ದುಡಿಯುತ್ತಿದ್ದಾಳೆ. ಅದನ್ನು ನಿಮಗೆ ಬರೆದುಕೊಡುತ್ತಾಳೆ. ಫಾರಂ ಹೆಸರು ಸಿಎ9176, ಇಬ್ಬರೂ ಸಹಿ ಹಾಕಬೇಕು. ಒಂದು ತೆರಿಗೆ ವರ್ಷ ಮುಗಿದ ಮೇಲೆ ಬರುವ ಅಕ್ಟೋಬರ್ 31 ಕಳೆದ ನಂತರ ಆ ವರ್ಷಕ್ಕೆ ಅರ್ಜಿ. ಹಿಂದಿನ ವರ್ಷಗಳಿಗೂ ಕೇಳಿ. ನಿಮಗೆ ಪೆನ್ಷನ್ ಬರುವುದು 67ಕ್ಕೆ, ಇನ್ನೂ ಸಮಯ ಇದೆ.

ಊರಿನಿಂದ ವಿಸಿಟರ್ ವೀಸಾದಲ್ಲಿ ಬಂದು ಆರು ತಿಂಗಳು ಬಾಣಂತನ ಮಾಡಿ ಹೋಗುವ ಅಮ್ಮಂದಿರಿಗೆ ಇದು ಸಿಗಲ್ಲ.

ಒಂದು ಮಾತು ಕೇಳಬೇಕಿತ್ತು. ನಿಮ್ಮ ಮಗಳು ಚೈಲ್ಡ್ ಬೆನಿಫಿಟ್ ಕ್ಲೇಮ್ ಮಾಡಿದ್ದಾರೆ ತಾನೆ?

ಹ್ಯಾರೋ ಅಜ್ಜಿ

ಈಗ ಫೋನು ಮಾಡಿ ಕೇಳಿದೆ. ಮಾಡಿಲ್ಲವಂತೆ. ಅಳಿಯನ ಸಂಬಳ ಜಾಸ್ತಿ, ಅದಕ್ಕೆ ಬಿಟ್ಟರಂತೆ.

ರೆಡಿಂಗ್ ಅಮ್ಮ

ಆಂಟೀ, ಓದಿ ಹೊಟ್ಟೆ ಉರಿಯಿತು. ಒಂದು ಫಾರಂ ತುಂಬದಿದ್ದಕ್ಕೆ ಮಗಳ ಹೆಸರಲ್ಲಿ ಕ್ರೆಡಿಟ್ಟೇ ಇಲ್ಲ, ಕ್ರೆಡಿಟ್ಟೇ ಇಲ್ಲದ ಮೇಲೆ ನಿಮಗೆ ಕೊಡುವುದೇನು. ಅವರಿಗೆ ಇವತ್ತೇ ಕ್ಲೇಮ್ ಮಾಡೋಕೆ ಹೇಳಿ. ಮೂರು ತಿಂಗಳು ಹಿಂದಿನಿಂದ ಆದರೂ ಶುರುವಾಗುತ್ತೆ. ಮೊಮ್ಮಗನಿಗೆ ಐದೇ ಅಲ್ವಾ, ನಿಮಗೆ 67 ಆಗುವವರೆಗೆ ಇನ್ನೂ ಮೂರು ನಾಲ್ಕು ವರ್ಷ ಸಿಗುತ್ತೆ.

ಮೈಸೂರಿಗೆ ವಾಪಸ್

ನಾವು ಎಂಟು ವರ್ಷ ಮ್ಯಾಂಚೆಸ್ಟರಿನಲ್ಲಿದ್ದು 2021ರಲ್ಲಿ ಊರಿಗೆ ಬಂದೆವು. ವಾಪಸ್ ಬಂದವರ ಕಡೆಯಿಂದ ಎರಡು ಮಾತು. ಪೆನ್ಷನ್ ಬರಬೇಕಾದರೆ ಕನಿಷ್ಠ 10 ವರ್ಷ ಬೇಕು. ನನಗೆ ಎಂಟಿತ್ತು. ಇಲ್ಲಿ ಕಟ್ಟಿದ ಪಿಎಫ್ ವರ್ಷಗಳು ಅಲ್ಲಿ ಸೇರಲ್ಲ. ಹೊರದೇಶದಲ್ಲಿ ಕೆಲಸ ಮಾಡುವವರಿಗೆ ಕ್ಲಾಸ್ 2 ಅಂತ ಕಡಿಮೆ ದರ ಇತ್ತು, ವಾರಕ್ಕೆ 3.50 ಪೌಂಡ್. ಅದರಲ್ಲಿ ಉಳಿದೆರಡು ವರ್ಷ ತುಂಬಿಸಿಕೊಂಡೆ. 2025ರ ನವೆಂಬರಿನ ಬಜೆಟ್ಟಿನಲ್ಲಿ ಅದನ್ನು ತೆಗೆದರು. 2026ರ ಏಪ್ರಿಲ್ 6ರಿಂದ ಆಚೆಯ ವರ್ಷಗಳಿಗೆ ಹೊರದೇಶದವರಿಗೆ ಆ ದರ ಇಲ್ಲ. ವಾಪಸ್ ಬರುವ ಯೋಚನೆ ಇದ್ದವರು ನಿಮ್ಮ ವರ್ಷ ಎಣಿಸಿಕೊಂಡೇ ವಿಮಾನ ಹತ್ತಿ.

ಇನ್ನೊಂದು, ಭಾರತದಲ್ಲಿ ಇದ್ದುಕೊಂಡು ಈ ಪೆನ್ಷನ್ ತಗೊಂಡರೆ ಅದು ವರ್ಷ ವರ್ಷ ಏರಲ್ಲ. ಮೊದಲ ದಿನ ಎಷ್ಟಿತ್ತೋ ಅಷ್ಟರಲ್ಲೇ ನಿಲ್ಲುತ್ತೆ. ಹಾಗಂತ ಬಿಡಬೇಕಾಗಿಲ್ಲ, ನಿಂತ ದುಡ್ಡೂ ಮೈಸೂರಿನಲ್ಲಿ ದೊಡ್ಡ ದುಡ್ಡೇ.

ನನ್ನ ಹೆಂಡತಿಗೆ ಮಾತ್ರ ಆರೇ ವರ್ಷ. ಅಲ್ಲಿ ಎರಡು ಹೆರಿಗೆ, ಒಬ್ಬಳೇ. ಪಿಆರ್ ಬಂದ ಮೇಲೂ ಕ್ಲೇಮ್ ಮಾಡಲಿಲ್ಲ, ನನಗೆ ಸಂಬಳ ಜಾಸ್ತಿ ಅಂತ. ಆ ವರ್ಷಗಳಿಗೆ ಏಪ್ರಿಲ್‌ನಲ್ಲಿ ಇಲ್ಲಿಂದಲೇ ಅರ್ಜಿ ಹಾಕಿಸುತ್ತೇನೆ.

ಲೀಡ್ಸ್ ಹುಡುಗ

ನಾನು ಮೊದಲು ಅವಸರದಲ್ಲಿ ಬರೆದೆ, ಕ್ಷಮಿಸಿ. ಒಂದು ಪ್ರಶ್ನೆ. ನಾವು ಮುದುಕರಾಗುವ ಹೊತ್ತಿಗೆ ಈ ಪೆನ್ಷನ್ ಇರುತ್ತಾ? ಸ್ನೇಹಿತರೆಲ್ಲಾ ಮ್ಯೂಚುವಲ್ ಫಂಡ್ ಸಾಕು ಅಂತಾರೆ.

ಸ್ಲೌ ಸೊಸೆ

ಮ್ಯೂಚುವಲ್ ಫಂಡ್ ಯಾರ ಹೆಸರಲ್ಲಿದೆ ತಮ್ಮಾ? ನಮ್ಮ ಮನೆಯಲ್ಲಿ ಎಲ್ಲಾ ಅವರ ಹೆಸರಲ್ಲಿದೆ. ಅವರು ಒಳ್ಳೆಯವರು, ಅದಲ್ಲ ಮಾತು. ಆದರೆ ನನ್ನ ಹೆಸರಿಗೆ, ನನ್ನ ಅಕೌಂಟಿಗೆ, ನಾನಿರುವವರೆಗೆ ಬರುವುದು ಇದೊಂದೇ. ಅದನ್ನು ನಾನು ಬಿಡಲ್ಲ.

ಪೇರೋಲ್ ಮಂಡ್ಯ

ಇನ್ನೊಂದು ಗೊಂದಲ ಬಿಡಿಸುತ್ತೇನೆ, ಇನ್‌ಬಾಕ್ಸಿನಲ್ಲಿ ಮೂವರು ಕೇಳಿದರು. ಪೆನ್ಷನ್ ಕ್ರೆಡಿಟ್ ಅಂತ ಹುಡುಕಿದರೆ ಬೇರೆಯದೇ ಬರುತ್ತೆ. ಅದು ಆದಾಯ ಕಡಿಮೆ ಇರುವ ಹಿರಿಯರಿಗೆ ಕೊಡುವ ಸಹಾಯಧನ. ನಾವು ಮಾತಾಡುತ್ತಿರುವುದು ನ್ಯಾಷನಲ್ ಇನ್ಶೂರೆನ್ಸ್ ಕ್ರೆಡಿಟ್. ಆ ಹೆಸರಲ್ಲೇ ಹುಡುಕಿ.

ಏಪ್ರಿಲ್‌ಗೆ ಮುಂಚೆ ಮಕ್ಕಳ ಬರ್ತ್ ಸರ್ಟಿಫಿಕೇಟ್, ಗಂಡ ಹೆಂಡತಿ ಇಬ್ಬರ ಎನ್‌ಐ ನಂಬರ್, ಜಾಸ್ತಿ ದುಡಿಯುತ್ತಿದ್ದವರ ಆ ವರ್ಷಗಳ ಪಿ60 (ವರ್ಷದ ಸಂಬಳ, ತೆರಿಗೆಯ ಚೀಟಿ) ಒಂದು ಕಡೆ ಜೋಡಿಸಿಡಿ. ಏನು ಕೇಳಿದರೂ ಕೈಗೆ ಸಿಗುವ ಹಾಗಿರಲಿ. ಖಾಲಿ ವರ್ಷಗಳ ಪುಟವನ್ನು ಸ್ಕ್ರೀನ್‌ಶಾಟ್ ತೆಗೆದಿಟ್ಟುಕೊಳ್ಳಿ.

ಹಾಸನ ಟು ಹೌನ್ಸ್ಲೋ

ಸಿಎಫ್411ಎ ಇವತ್ತು ಬೆಳಿಗ್ಗೆ ಪೋಸ್ಟ್ ಮಾಡಿದೆವು. ಲಕೋಟೆ ಅಂಟಿಸಿದ್ದು ಅವಳೇ.

ರೆಡಿಂಗ್ ಅಮ್ಮ

ಎಲ್ಲರಿಗೂ ಕೈ ಮುಗಿಯುತ್ತೇನೆ. ನಿನ್ನೆ ರಾತ್ರಿ ಅಟ್ಟದ ಮೇಲಿನ ಡಬ್ಬ ಇಳಿಸಿದೆ. ಯಜಮಾನರ 2014-15ರಿಂದ 2020-21ರವರೆಗಿನ ಪಿ60 ಏಳೂ ಸಿಕ್ಕಿದವು, ಒಂದಕ್ಕೆ ಮಗಳು ಸ್ಕೆಚ್ ಪೆನ್ನಿನಲ್ಲಿ ಆನೆ ಬರೆದಿದ್ದಾಳೆ. ಮಗನಿಗಾಗಿ ಆ್ಯಪ್‌ನಲ್ಲೇ ಕ್ಲೇಮ್ ಹಾಕಿದೆ, "ಹಣ ಬೇಡ" ಅನ್ನುವುದಕ್ಕೆ ಟಿಕ್ ಮಾಡಿದೆ. ಹತ್ತು ನಿಮಿಷದ ಕೆಲಸ.

ಒಂದು ಯೋಚನೆ ಇದೆ. ಮಾರ್ಚಿನಲ್ಲಿ ಯುಗಾದಿ ಊಟಕ್ಕೆ ನಮ್ಮ ಕಡೆಯವರೆಲ್ಲಾ ಸೇರುತ್ತೇವಲ್ಲ, ಹಾಲ್‌ನ ಬಾಗಿಲ ಹತ್ತಿರ ಒಂದು ಮೇಜು ಹಾಕೋಣ. ಪೇರೋಲ್ ಮಂಡ್ಯ ಅಣ್ಣ ಬರ್ಮಿಂಗ್‌ಹ್ಯಾಮಿನಿಂದ ಬರುತ್ತೇನೆ ಅಂದಿದ್ದಾರೆ, ನಾನೂ ಸ್ಲೌ ಸೊಸೆಯೂ ಜೊತೆಗೆ ಕೂರುತ್ತೇವೆ. ಬರುವವರು ನಿಮ್ಮ ಫೋನಿನಲ್ಲಿ ಎಚ್‌ಎಂಆರ್‌ಸಿ ಆ್ಯಪ್ ಹಾಕಿಕೊಂಡು, ಎನ್‌ಐ ನಂಬರ್ ನೆನಪಿಟ್ಟುಕೊಂಡು ಬನ್ನಿ. ಪಾಸ್‌ವರ್ಡ್ ಯಾರಿಗೂ ಹೇಳಬೇಡಿ, ನೀವೇ ಒತ್ತಿ. ಹ್ಯಾರೋ ಆಂಟೀ, ನಿಮ್ಮನ್ನು ಕರೆದುಕೊಂಡು ಬರೋಕೆ ಕಾರು ಕಳಿಸುತ್ತೇನೆ. ಮಗಳನ್ನೂ ಕರೆತನ್ನಿ.

ಹ್ಯಾರೋ ಅಜ್ಜಿ

ಬರುತ್ತೇನೆ. ಮಗಳು ನಿನ್ನೆಯೇ ಕ್ಲೇಮ್ ಹಾಕಿದಳು. ಒಬ್ಬಟ್ಟು ನಾನು ಮಾಡಿಕೊಂಡು ಬರುತ್ತೇನೆ, ಎಷ್ಟು ಜನ ಅಂತ ಮುಂಚೆ ಹೇಳಿ.